ದೇಸಿ ಅಕ್ಕಿ, ಬೆರಕೆ ಸೊಪ್ಪು, ಬಂಗಡೆ: ಜೀವವೈವಿಧ್ಯ ಉಳಿಸುವ ಅಡುಗೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾವು ಬೆಂಗಳೂರಿನಲ್ಲಿರುವ ನಾಲ್ಕು ಜನರ ಕುಟುಂಬ. ತಿಂಗಳಿಗೆ 20 ಕೆ.ಜಿ. ಸೋನಾಮಸೂರಿ, 3 ಕೆ.ಜಿ. ತೊಗರಿಬೇಳೆ, 4 ಲೀಟರ್ ಸೂರ್ಯಕಾಂತಿ ಎಣ್ಣೆ ಬೇಕು. ಜೀವವೈವಿಧ್ಯಕ್ಕೆ ಒಳ್ಳೆಯದೆಂದು ರಾಜಮುಡಿ ಅಕ್ಕಿ ತಂದೆ. ಒಂದು ದಿನ ಅನ್ನ ಗಟ್ಟಿ, ಇನ್ನೊಂದು ದಿನ ಮುದ್ದೆ. 5 ಕೆ.ಜಿ. ನವಣೆ ತಂದಿಟ್ಟಿದ್ದು ಮೂರನೇ ತಿಂಗಳಿಗೆ ಕಹಿಯಾಯಿತು. ಯಜಮಾನರ ಊರು ಹೊನ್ನಾವರದ ಕಡೆ. ವಾರಕ್ಕೆರಡು ಸಲ ಮೀನು ಆಗಲೇಬೇಕು. ಊರಿಂದ ಅತ್ತೆ ಉಪ್ಪಿನಕಾಯಿಗೆ ಅಪ್ಪೆಮಿಡಿ, ಸಾರಿನ ಹುಳಿಗೆ ಉಪ್ಪಾಗೆ ಕಳಿಸುತ್ತಾರೆ. ಕಾಡಿನದ್ದು ತಿನ್ನುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿಲ್ಲ. ಖರ್ಚು ತಿಂಗಳಿಗೆ ಸಾವಿರ ರೂಪಾಯಿಗಿಂತ ಜಾಸ್ತಿ ಏರಬಾರದು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಬಗೆಯ ಜೀವವೈವಿಧ್ಯ ಬೆರೆತುಕೊಂಡಿದೆ, ಎರಡಕ್ಕೂ ನಿಯಮ ತದ್ವಿರುದ್ಧ. ಅದನ್ನು ಮೊದಲು ಬಿಡಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ರಾಜಮುಡಿ, ನವಣೆ, ಹುಚ್ಚೆಳ್ಳು, ಮಟ್ಟುಗುಳ್ಳ ಬದನೆ ಇವೆಲ್ಲ ರೈತರು ಬಿತ್ತಿದರೆ ಮಾತ್ರ ಬದುಕುವಂಥವು. ಕೊಳ್ಳುವವರಿಲ್ಲದಿದ್ದರೆ ಬಿತ್ತುವುದಿಲ್ಲ. ಬಿತ್ತದೆ ಮನೆಯಲ್ಲಿಟ್ಟ ಬತ್ತದ ಬೀಜ ಒಂದೆರಡು ವರ್ಷದಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿಗೆ ಆ ಮನೆಯಲ್ಲಿ ಆ ತಳಿ ಮುಗಿದಂತೆ. ಇವನ್ನು ಹೆಚ್ಚು ಜನ, ಹೆಚ್ಚು ಸಲ ತಿಂದಷ್ಟೂ ಒಳ್ಳೆಯದು. ಅಪ್ಪೆಮಿಡಿ, ಉಪ್ಪಾಗೆ, ಕಳಲೆ, ಬಂಗಡೆ ಹಾಗಲ್ಲ. ಅವು ತಾವಾಗಿ ಹುಟ್ಟಿ ಬೆಳೆಯುವಂಥವು, ನಮ್ಮ ಬೇಡಿಕೆ ಏರಿದಷ್ಟೂ ಅವುಗಳ ಸಂತಾನಕ್ಕೆ ಪೆಟ್ಟು. ಅಲ್ಲಿ ಕೇಳಬೇಕಾದ್ದು ಎಷ್ಟು ತೆಗೆದರು, ಯಾವ ಕಾಲದಲ್ಲಿ ತೆಗೆದರು, ಹೇಗೆ ತೆಗೆದರು ಎಂಬುದನ್ನು. ‘ಸಹಜ’, ‘ಕಾಡಿನದು’ ಎಂಬ ಹಣೆಪಟ್ಟಿ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಅದನ್ನು ನಂಬಬೇಡಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಆಹಾರಕ್ಕಾಗಿ ಮನುಷ್ಯ ಬೆಳೆಸಿದ ಸಸ್ಯಗಳು ಸುಮಾರು 6,000. ಅವುಗಳಲ್ಲಿ ಗಣನೀಯವಾಗಿ ಆಹಾರ ಕೊಡುತ್ತಿರುವುದು 200ಕ್ಕಿಂತ ಕಡಿಮೆ. ಜಗತ್ತಿನ ಒಟ್ಟು ಬೆಳೆ ಉತ್ಪಾದನೆಯಲ್ಲಿ ಶೇ 66 ಬರುವುದು ಒಂಬತ್ತೇ ಬೆಳೆಗಳಿಂದ. ನಿಮ್ಮ ದಿನಸಿ ಚೀಟಿಯೂ ಹೆಚ್ಚುಕಡಿಮೆ ಹಾಗೇ ಇದೆ: ಅಕ್ಕಿ ಒಂದು, ಬೇಳೆ ಒಂದು, ಎಣ್ಣೆ ಒಂದು. ಬದಲಾವಣೆ ಅಲ್ಲಿಂದಲೇ ಶುರುವಾಗಲಿ. ಅದರಲ್ಲೂ ನೀವು ಅತಿ ಹೆಚ್ಚು ಕೊಳ್ಳುವ ಅಕ್ಕಿಯಿಂದ.

ಸೋನಾಮಸೂರಿ ಹೆಸರಿನಲ್ಲಿ ಅಂಗಡಿಗೆ ಬರುವುದು ಕೆಲವೇ ಸುಧಾರಿತ ತಳಿಗಳ ಅಕ್ಕಿ. 1986ರಲ್ಲಿ ಆಂಧ್ರದ ಬಾಪಟ್ಲದಿಂದ ಬಿಡುಗಡೆಯಾದ ಬಿಪಿಟಿ 5204 ಅದರಲ್ಲಿ ಮುಖ್ಯವಾದುದು. ಊಟಕ್ಕೆ ಒಳ್ಳೆಯ ಅಕ್ಕಿ, ಆ ಮಾತು ಬೇರೆ. ಆದರೆ ಬೆಂಕಿರೋಗಕ್ಕೂ ಕಂದು ಜಿಗಿಹುಳಕ್ಕೂ ಬೇಗ ತುತ್ತಾಗುವ ಒಂದೇ ತಳಿ ಸಾವಿರಾರು ಎಕರೆಯಲ್ಲಿ ನಿಂತಾಗ ಔಷಧ ಹೊಡೆಯದೆ ವಿಧಿಯಿಲ್ಲ. ಔಷಧ ಹೊಡೆದರೆ ಜಿಗಿಹುಳದ ಜೊತೆಗೆ ಅದನ್ನು ತಿನ್ನುವ ಜೇಡ, ಏರೋಪ್ಲೇನ್ ಚಿಟ್ಟೆ, ಕಪ್ಪೆಗಳೂ ಹೋಗುತ್ತವೆ. ತಳಿ ಬೇರೆ ಬೇರೆಯಾದರೆ ಗದ್ದೆಯ ಜೀವಗಳಿಗೂ ಉಸಿರು ಸಿಗುತ್ತದೆ.

20 ಕೆ.ಜಿ.ಯನ್ನೂ ಬದಲಾಯಿಸಲು ಹೋಗಬೇಡಿ, ಮನೆಯವರೇ ತಿರುಗಿ ಬೀಳುತ್ತಾರೆ. ತಿಂಗಳಿಗೆ 5 ಕೆ.ಜಿ. ಸಾಕು. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 60 ಕೆ.ಜಿ. ಅಕ್ಕಿ ಅಂದರೆ ಸುಮಾರು 90 ಕೆ.ಜಿ. ಬತ್ತ. ದೇಸಿ ತಳಿಯ ಇಳುವರಿ ಎಕರೆಗೆ 12 ಕ್ವಿಂಟಲ್ ಎಂದು ಹಿಡಿದರೆ ಮೂರು ಗುಂಟೆ ಗದ್ದೆ. ನಿಮ್ಮೊಂದು ಮನೆಯ ಕಾಲುಭಾಗ ಅಕ್ಕಿಗೆ ಯಾರೋ ಒಬ್ಬ ರೈತರ ಮೂರು ಗುಂಟೆಯಲ್ಲಿ ರಾಜಮುಡಿ ನಿಲ್ಲುತ್ತದೆ. ತಳಿ ಉಳಿಯಲು ಬೇಕಾದ ಬಿತ್ತನೆ ಬೀಜ ಅದರಿಂದ ಧಾರಾಳವಾಗಿ ಸಿಗುತ್ತದೆ.

ಈಗ ನಿಮ್ಮ ಅನ್ನದ ವಿಚಾರ. ಒಂದೇ ಚೀಲದ ಅಕ್ಕಿ ಒಮ್ಮೆ ಗಟ್ಟಿ, ಒಮ್ಮೆ ಮುದ್ದೆ ಆಗುತ್ತಿದ್ದರೆ ದೋಷ ಅಕ್ಕಿಯದ್ದಲ್ಲ, ನೆನೆಯುವ ಹೊತ್ತಿನದು. ರಾಜಮುಡಿಯಲ್ಲಿ ಸಾಮಾನ್ಯವಾಗಿ ತೌಡು ಸ್ವಲ್ಪ ಉಳಿದಿರುತ್ತದೆ, ಕಾಳಿನ ಮೇಲೆ ಕೆಂಪು ಗೆರೆ ಕಾಣುತ್ತದಲ್ಲ, ಅದೇ. ಆ ಪದರ ನೀರನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ನೆನೆಸದೆ ಇಟ್ಟ ದಿನ ನಡುಗಾಳು ಬೇಯುವ ಮೊದಲೇ ನೀರು ಮುಗಿದು ಗಟ್ಟಿಯಾಗುತ್ತದೆ. ಬೆಳಿಗ್ಗೆ ನೆನೆಹಾಕಿ ಮಧ್ಯಾಹ್ನ ಅಷ್ಟೇ ನೀರಿಟ್ಟ ದಿನ ಮುದ್ದೆಯಾಗುತ್ತದೆ. ಹಾಗಾಗಿ ಹೊತ್ತು ಗೊತ್ತುಮಾಡಿಕೊಳ್ಳಿ. ಅಕ್ಕಿಯನ್ನು ಎರಡೇ ಸಲ ತೊಳೆದು ಒಂದು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಆಮೇಲೆ ಲೋಟಕ್ಕೆ ಎರಡೂವರೆ ಲೋಟ ನೀರು ಅಳೆದು ಹಾಕಿ. ಕುಕ್ಕರಿನಲ್ಲಿ ಒಂದು ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ ಎಂಟು ನಿಮಿಷ ಬಿಡಿ. ಆವಿ ತಾನಾಗಿ ಇಳಿಯುವವರೆಗೆ ಮುಚ್ಚಳ ತೆಗೆಯಬೇಡಿ. ಅವಸರಕ್ಕೆ ವಿಷಲ್ ಎತ್ತಿ ಆವಿ ಬಿಟ್ಟರೆ ಕಾಳು ಒಡೆದು ಮೇಲೆ ಅಂಟು, ಒಳಗೆ ಗಟ್ಟಿ ಉಳಿಯುತ್ತದೆ. ಪೂರ್ತಿ ತೌಡಿರುವ ಅಕ್ಕಿಯಾದರೆ ನಾಲ್ಕರಿಂದ ಆರು ಗಂಟೆ ನೆನೆಸಿ, ಮೂರು ಲೋಟ ನೀರಿಡಿ. ಕೊಯ್ಲಾಗಿ ಎರಡು ಮೂರು ತಿಂಗಳಷ್ಟೇ ಆಗಿರುವ ಹೊಸ ಅಕ್ಕಿಯಾದರೆ ಕಾಲು ಲೋಟ ನೀರು ತಗ್ಗಿಸಿ. ಹೊಸ ಚೀಲ ಬಂದಾಗ ಮೊದಲ ದಿನ ಅರ್ಧ ಲೋಟ ಅಕ್ಕಿ ಬೇಯಿಸಿ ನೋಡಿ, ಆ ಅಳತೆಯನ್ನು ಡಬ್ಬದ ಮೇಲೆ ಬರೆದಿಡಿ. ಸೋನಾಮಸೂರಿಯ ಜೊತೆ ಬೆರೆಸಿ ಒಂದೇ ಪಾತ್ರೆಯಲ್ಲಿ ಇಡಬೇಡಿ. ಅದು ಕರಗುವ ಹೊತ್ತಿಗೆ ಇದು ಅರೆಬೆಂದಿರುತ್ತದೆ.

ಊರಿಗೆ ಹೋದಾಗ ಕಗ್ಗ ಅಕ್ಕಿ ಸಿಗುತ್ತದೆಯೇ ವಿಚಾರಿಸಿ. ಹೊನ್ನಾವರದ ಪಕ್ಕದಲ್ಲೇ, ಕುಮಟಾ ತಾಲ್ಲೂಕಿನ ಮಾಣಿಕಟ್ಟ ಸುತ್ತಿನ ಗಜನಿ ಭೂಮಿಯಲ್ಲಿ ಬೆಳೆಯುವ ಬತ್ತ ಅದು. ಅಘನಾಶಿನಿಯ ಉಪ್ಪುನೀರು ಏರಿಳಿಯುವ ಜಾಗ. ಬೇರೆ ತಳಿ ಅಲ್ಲಿ ಸುಟ್ಟುಹೋಗುತ್ತದೆ, ಕಗ್ಗ ಉಪ್ಪನ್ನೂ ನೆರೆಯನ್ನೂ ತಡೆದು ನಿಲ್ಲುತ್ತದೆ, ಗೊಬ್ಬರ ಬೇಡುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ನುಗ್ಗಿ ಮೀನು, ಸಿಗಡಿ ಬರುತ್ತವೆ, ಅವುಗಳ ಹಿಂದೆ ಹಕ್ಕಿಗಳು. ಈ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ, ಸೇರಿತು. ಗಜನಿಗಳು ವರ್ಷವಿಡೀ ಸಿಗಡಿ ಕೆರೆಗಳಾಗಿ ಮಾರ್ಪಟ್ಟ ಕಡೆ ಬತ್ತವೂ ಹೋಯಿತು, ಹಕ್ಕಿಯೂ ಕಡಿಮೆಯಾಯಿತು. ಕಗ್ಗವನ್ನು ಕುಚ್ಚಲಕ್ಕಿಯಾಗಿಯೇ ಉಣ್ಣುವುದು ರೂಢಿ: ತೆರೆದ ಪಾತ್ರೆಯಲ್ಲಿ ಒಂದಕ್ಕೆ ಆರರಷ್ಟು ನೀರು ಕುದಿಸಿ ಅಕ್ಕಿ ಹಾಕಿ, 40ರಿಂದ 50 ನಿಮಿಷ ಬೇಯಿಸಿ, ಗಂಜಿ ಬಸಿಯಬೇಕು. ನಿಮ್ಮ ಯಜಮಾನರಿಗೆ ಇದರ ರುಚಿ ಹೇಳಿಕೊಡಬೇಕಾಗಿಲ್ಲ. ಬಂಗಡೆ ಸಾರಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಕೊಳ್ಳುವಾಗ ‘ದೇಸಿ’, ‘ಸಾವಯವ’ ಎಂಬ ಚೀಟಿಯಷ್ಟೇ ಸಾಲದು. ಸಾವಯವ ಸೋನಾಮಸೂರಿಯಲ್ಲಿ ವಿಷ ಕಡಿಮೆ ಇರಬಹುದು, ತಳಿ ಮಾತ್ರ ಅದೇ. ತಳಿಯ ಹೆಸರೇನು, ಯಾವ ತಾಲ್ಲೂಕಿನದು, ಯಾವ ವರ್ಷದ ಕೊಯ್ಲು, ಮಿಲ್ಲಾಗಿ ಎಷ್ಟು ದಿನವಾಯಿತು ಎಂದು ಕೇಳಿ. ಬೆಳೆದವರಿಗೆ ಹತ್ತಿರವಿರುವ ಮಾರಾಟಗಾರರು ನಾಲ್ಕಕ್ಕೂ ಉತ್ತರಿಸುತ್ತಾರೆ. ಸಹಜ ಸಮೃದ್ಧದಂಥ ಸಂಸ್ಥೆಗಳ ಮೇಳಗಳು, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ ಇಂಥ ರೈತರು ನೇರವಾಗಿ ಸಿಗುವ ಜಾಗ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್, 2024ರಲ್ಲಿ ಪದ್ಮಶ್ರೀ ಪಡೆದ ಕಾಸರಗೋಡಿನ ಸತ್ಯನಾರಾಯಣ ಬೇಳೇರಿ ಅವರಂಥವರು ನೂರಾರು ಬತ್ತದ ತಳಿಗಳನ್ನು ತಮ್ಮ ನೆಲದಲ್ಲಿ ಬಿತ್ತಿ ಬಿತ್ತಿ ಕಾಪಾಡಿದ್ದಾರೆ. ಆದರೆ ಸಂಗ್ರಾಹಕರ ಒಂದು ಸಾಲಿನಲ್ಲಿ ಉಳಿದ ತಳಿ ಗದ್ದೆಗೆ ಮರಳಬೇಕಾದರೆ ಉಣ್ಣುವವರು ಬೇಕು.

ನಿಮ್ಮ ನವಣೆ ಕಹಿಯಾದದ್ದು ಹುಳದಿಂದಲ್ಲ, ಎಣ್ಣೆಯಂಶ ಕಮಟಿದ್ದರಿಂದ. ಹೊಟ್ಟು ಇರುವ ನವಣೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ಬಿಡಿಸಿದ ಗಳಿಗೆಯಿಂದ ಮೊಳಕೆಯ ಭಾಗದ ಕೊಬ್ಬಿಗೆ ಗಾಳಿ ತಗಲಿ, ಎರಡು ಮೂರು ತಿಂಗಳಲ್ಲಿ ಕಹಿ ಇಳಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಒಂದು ಹಿಡಿ ತೆಗೆದುಕೊಂಡು ಅಂಗೈಗಳ ನಡುವೆ ಉಜ್ಜಿ ಮೂಸಿ ನೋಡಿ. ಹಳೇ ಎಣ್ಣೆಯ ವಾಸನೆ ಬಂದರೆ ತೊಳೆದರೂ ಹುರಿದರೂ ಹೋಗುವುದಿಲ್ಲ. ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಮುಂದೆ ಒಮ್ಮೆಗೆ ಒಂದು ಕೆ.ಜಿ.ಗಿಂತ ಹೆಚ್ಚು ತರಬೇಡಿ, ಸ್ಟೀಲ್ ಡಬ್ಬದಲ್ಲಿ ಫ್ರಿಜ್ಜಿನ ಕೆಳಹಲಗೆಯಲ್ಲಿಡಿ. ಬಿಸಿಲಿಗೆ ಹರಡುವುದು ಕಾಳಿಗೆ ಸರಿ, ಹೊಟ್ಟು ಬಿಡಿಸಿದ ಧಾನ್ಯಕ್ಕೂ ತೌಡಿರುವ ಅಕ್ಕಿಗೂ ಸಲ್ಲ, ಶಾಖಕ್ಕೆ ಕಮಟು ಬೇಗ ಬರುತ್ತದೆ.

ನವಣೆ, ಸಾಮೆಗೆ ಎರಡು ಗಂಟೆ ನೆನೆಸು ಸಾಕು. ಕೊರಲೆ, ಹಾರಕಕ್ಕೆ ಆರರಿಂದ ಎಂಟು ಗಂಟೆ ಬೇಕು. ಒಂದಕ್ಕೆ ಎರಡೂವರೆ ನೀರು. ಬೇಯುವಾಗ ಕೈಯಾಡಿಸಿದರೆ ಗಂಜಿಯಾಗುತ್ತದೆ. ಬೆಂದ ಮೇಲೆ ಹತ್ತು ನಿಮಿಷ ಮುಚ್ಚಿಟ್ಟು ಆಮೇಲೆ ಬಿಡಿಸಿ. ಕೊರಲೆಯನ್ನು ವಿಶೇಷವಾಗಿ ಹೇಳುತ್ತೇನೆ. ತುಮಕೂರು, ಚಿತ್ರದುರ್ಗದ ಕಡೆಯ ಒಣಭೂಮಿಯಲ್ಲಿ, ಹುಣಸೆ ಮಾವಿನ ಮರದ ನೆರಳಿನಲ್ಲೂ ಬೆಳೆಯುವ ಧಾನ್ಯ ಇದು. 2023ರ ಸಿರಿಧಾನ್ಯ ವರ್ಷದ ಸದ್ದಿನಲ್ಲೂ ಅಂಗಡಿ ತುಂಬಿದ್ದು ನವಣೆ, ಸಾಮೆ. ಕೊರಲೆಯನ್ನು ಕೇಳಿ ಕೊಂಡವರು ಕಡಿಮೆ. ಹಾರಕದಲ್ಲಿ ಮಾತ್ರ ಎಚ್ಚರ. ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕ ಹಾರಕದಲ್ಲಿ ಬೂಷ್ಟು ಬೆಳೆದು ವಿಷವಾಗುತ್ತದೆ, ತಲೆಸುತ್ತು, ವಾಂತಿ ಬರುತ್ತದೆ. 2024ರಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಆನೆಗಳು ಸತ್ತದ್ದು ಹೊಲದಲ್ಲಿ ಹೀಗೆ ಕೆಟ್ಟ ಹಾರಕ ಮೇಯ್ದು. ಬೇಯಿಸಿದರೆ ಆ ವಿಷ ಹೋಗುತ್ತದೆಂದು ನಂಬುವಂತಿಲ್ಲ. ಬಣ್ಣಗೆಟ್ಟ, ಮುಗ್ಗಲು ವಾಸನೆಯ ಹಾರಕವನ್ನು ಮುಟ್ಟಬೇಡಿ.

ತೊಗರಿಬೇಳೆಯ 3 ಕೆ.ಜಿ.ಯಲ್ಲಿ ಒಂದೂವರೆ ಕೆ.ಜಿ.ಯನ್ನು ಹುರಳಿ, ಅವರೆ, ಅಲಸಂದೆ, ಹೆಸರಿಗೆ ಬಿಟ್ಟುಕೊಡಿ. ಇವು ರಾಗಿ ಹೊಲದ ಅಕ್ಕಡಿ ಸಾಲಿನ ಬೆಳೆಗಳು. ಆರೇಳು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಹೀಗೆ ಇಟ್ಟಿದ್ದರಿಂದಲೇ ಹೊಲದಲ್ಲಿ ಬೇರೆ ಬೇರೆ ತಿಂಗಳು ಬೇರೆ ಬೇರೆ ಹೂವಿರುತ್ತಿತ್ತು, ಜೇನಿಗೂ ಹಕ್ಕಿಗೂ ದಾರಿಯಿತ್ತು. ಈಗ ರಾಗಿಯೊಂದನ್ನೇ ಬಿತ್ತಿ ಕಳೆನಾಶಕ ಹೊಡೆಯುವ ಹೊಲ ಹೆಚ್ಚುತ್ತಿದೆ. ಅಕ್ಕಡಿಯ ಕಾಳಿಗೆ ಕೊಳ್ಳುವವರಿದ್ದರೆ ಆ ಸಾಲು ಉಳಿಯುತ್ತದೆ.

ಅದರಲ್ಲೂ ಹುಚ್ಚೆಳ್ಳಿಗೆ, ಉತ್ತರ ಕರ್ನಾಟಕದವರ ಗುರೆಳ್ಳಿಗೆ, ನಿಮ್ಮ ಅಡುಗೆಮನೆಯಲ್ಲಿ ಜಾಗ ಕೊಡಿ. ಅದರ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುವುದು ಬಹಳ ಕಡಿಮೆ, ಜೇನು ಬರಲೇಬೇಕು. ಹಳದಿ ಹೂವಿನ ಒಂದು ಸಾಲು ತುಡುವೆ ಜೇನಿಗೆ ಮಳೆಗಾಲ ಕಳೆದ ಮೇಲಿನ ದೊಡ್ಡ ಆಸರೆ. ಚಟ್ನಿಪುಡಿ ಹೀಗೆ ಮಾಡಿ: 100 ಗ್ರಾಂ ಹುಚ್ಚೆಳ್ಳನ್ನು ನೀರಿನಲ್ಲಿ ಗಾಳಿಸಿ ಕಲ್ಲು, ಮರಳು ತೆಗೆಯಿರಿ. ಈ ಕೆಲಸ ಬಿಟ್ಟರೆ ಪುಡಿ ಹಲ್ಲಿಗೆ ಕರಕರ ಸಿಗುತ್ತದೆ. ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿಯಿರಿ. ಮೂರು ನಾಲ್ಕು ನಿಮಿಷಕ್ಕೆ ಚಟಪಟ ಸದ್ದು ಶುರುವಾಗಿ ಘಮ ಬರುತ್ತದೆ, ಸದ್ದು ಇಳಿಯುವ ಮುಂಚೆಯೇ ಇಳಿಸಿ. ಕಾಳೇ ಕಪ್ಪಾದ್ದರಿಂದ ಸೀದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, ಮೂಗನ್ನೇ ನಂಬಬೇಕು. ಎಂಟು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಒಣಕೊಬ್ಬರಿ, ಆರು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆ ಬೇರೆಯಾಗಿ ಬೆಚ್ಚಗೆ ಮಾಡಿ. ಎಲ್ಲ ಪೂರ್ತಿ ಆರಿದ ಮೇಲೆ ಉಪ್ಪು ಸೇರಿಸಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಸಿಯಲ್ಲಿ ಅರೆದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಹದಿನೈದು ದಿನಕ್ಕೆ ಆಗುವಷ್ಟೇ ಮಾಡಿ.

ಸೊಪ್ಪಿನ ವಿಷಯದಲ್ಲಿ ಪಾಲಕ್, ಮೆಂತ್ಯ ಬಿಟ್ಟು ಬೆರಕೆ ಸೊಪ್ಪಿಗೆ ಬನ್ನಿ. ಅಣ್ಣೆ, ಹೊನಗೊನ್ನೆ, ಗಣಿಕೆ, ಕಿರಕಸಾಲೆ, ಗೋಣಿ ಇವು ಹೊಲದಲ್ಲಿ ತಾವಾಗಿ ಹುಟ್ಟುವ ಕಳೆಗಳು. ಕಳೆನಾಶಕ ಬಿದ್ದ ಹೊಲದಲ್ಲಿ ಇವು ಇರುವುದಿಲ್ಲ. ಹಾಗಾಗಿ ಬೆರಕೆ ಸೊಪ್ಪು ಸಿಗುವ ಊರಿನ ಮಣ್ಣು ಇನ್ನೂ ಬದುಕಿದೆ ಎಂದೇ ಲೆಕ್ಕ. ಬಸ್ಸಾರಿಗೆ ಎರಡು ಪಾಲು ಅಣ್ಣೆ ಅಥವಾ ದಂಟಿಗೆ ಒಂದು ಪಾಲು ಕಿರಕಸಾಲೆ, ಅರ್ಧ ಪಾಲು ಗಣಿಕೆ ಸರಿಹೋಗುತ್ತದೆ. ಕಹಿ ಸೊಪ್ಪು ಇದಕ್ಕಿಂತ ಏರಿದರೆ ಸಾರೇ ಕಹಿ. ಬೇಯಿಸಿ ಬಸಿದು ಕಟ್ಟನ್ನು ಸಾರಿಗೆ, ಸೊಪ್ಪನ್ನು ಪಲ್ಯಕ್ಕೆ ಬಳಸಿ. ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆ ಇರುವವರು ಮನೆಯಲ್ಲಿದ್ದರೆ ಅವರಿಗೆ ಆ ಕಟ್ಟು ಬೇಡ. ಬೆಂಗಳೂರಿನಲ್ಲಿ ಕೆರೆಯಂಗಳದ ಹೊನಗೊನ್ನೆಯನ್ನು ಮಾತ್ರ ತರಬೇಡಿ, ಕೊಳಚೆ ನೀರಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಅದು ಎಲೆಗೆ ಎಳೆದುಕೊಳ್ಳುತ್ತದೆ. ಊರಲ್ಲಿ ನೀವೇ ಕೀಳುವುದಾದರೆ ಕುಡಿ ಚಿವುಟಿ, ಬೇರುಸಮೇತ ಬೇಡ, ಹೂಬಿಟ್ಟ ಗಿಡ ಬೀಜಕ್ಕೆ ಬಿಡಿ. ಗುರುತು ಖಚಿತವಿಲ್ಲದ ಎಲೆ ಬುಟ್ಟಿಗೆ ಬರಕೂಡದು. ಉಮ್ಮತ್ತಿಯ ಎಳೆ ಸಸಿ ಬೆರಕೆಯಲ್ಲಿ ಸೇರಿ ಆಸ್ಪತ್ರೆ ಸೇರುವಂತಾದೀತು.

ತರಕಾರಿಗೆ ಹೆಚ್ಚು ಮಾತು ಬೇಡ. ಬದನೆಯ ತವರು ನಮ್ಮ ದೇಶ. 2010ರ ಫೆಬ್ರುವರಿಯಲ್ಲಿ ಕುಲಾಂತರಿ ಬಿಟಿ ಬದನೆಗೆ ತಡೆ ಬಿದ್ದಾಗ ಮುಂದಿಟ್ಟ ಕಾರಣಗಳಲ್ಲಿ ಈ ವೈವಿಧ್ಯವೂ ಒಂದು. ಉಡುಪಿಯ ಮಟ್ಟುಗುಳ್ಳ, ಮೈಸೂರಿನ ಈರಂಗೆರೆ ಬದನೆ ಅವುಗಳ ಕಾಲದಲ್ಲಿ ಸಿಕ್ಕಾಗ ಬಿಡಬೇಡಿ. ‘ನಾಟಿ ಕೋಳಿ’ ಎಂದು ಮಾರುವುದರಲ್ಲಿ ಬಣ್ಣದ ಮಿಶ್ರತಳಿಗಳೇ ಬಹಳ. ಗಿರಿರಾಜ ಕೂಡ ಬೆಂಗಳೂರಿನಲ್ಲಿ ವಿಜ್ಞಾನಿಗಳು ಅಭಿವೃದ್ಧಿಪಡಿಸಿದ ತಳಿ, ಊರಕೋಳಿಯಲ್ಲ.

ಇನ್ನು ಅತ್ತೆ ಕಳಿಸುವ ಬುಟ್ಟಿ. ಅಪ್ಪೆಮಿಡಿ ಮಲೆನಾಡಿನ ಹೊಳೆದಂಡೆಯ ಕಾಡುಮಾವು. ಮರಮರಕ್ಕೂ ಪರಿಮಳ ಬೇರೆ, ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆ ಎಂದು ಹೆಸರೂ ಬೇರೆ. ಮಿಡಿಗೆ ಬೆಲೆ ಏರಿದ ಮೇಲೆ ಕೊಂಬೆಯನ್ನೇ ಕಡಿದು ಕೆಳಗೆ ಕೂತು ಬಿಡಿಸುವ ಕೆಟ್ಟ ಚಾಳಿ ಬಂತು. ಕೊಂಬೆ ಹೋದರೆ ಮುಂದಿನ ಹಲವು ವರ್ಷ ಫಸಲಿಲ್ಲ. ಇದ್ದ ಮಿಡಿಯೆಲ್ಲ ಭರಣಿಗೆ ಹೋದರೆ ಹಣ್ಣೂ ಇಲ್ಲ, ಗೊರಟೂ ಇಲ್ಲ, ಹೊಸ ಸಸಿಯೂ ಇಲ್ಲ. ಅತ್ತೆಯವರನ್ನು ಒಂದೇ ಮಾತು ಕೇಳಿ: ಇದು ತೋಟದಲ್ಲಿ ಕಸಿ ಕಟ್ಟಿದ ಮರದ್ದೋ, ಕಾಡಿನ ಮರದ್ದೋ? ಕಸಿ ಮರದ್ದಾದರೆ ಧಾರಾಳವಾಗಿ ತಿನ್ನಿ. ಅದು ಮೊದಲ ಗುಂಪಿನದು, ತಿಂದಷ್ಟೂ ಉಳಿಯುತ್ತದೆ. ಕಾಡಿನದ್ದಾದರೆ ಹತ್ತಿ ಕೈಯಲ್ಲಿ ಕಿತ್ತವರಿಂದ ಮಾತ್ರ, ವರ್ಷಕ್ಕೆ ಒಂದು ಭರಣಿ.

ಆ ಒಂದು ಭರಣಿ ಕೆಡಬಾರದು. 1 ಕೆ.ಜಿ. ಮಿಡಿಗೆ 250ರಿಂದ 300 ಗ್ರಾಂ ಕಲ್ಲುಪ್ಪು. ಒಂದು ಸೆಂ.ಮೀ. ತೊಟ್ಟು ಉಳಿಸಿ, ತೊಟ್ಟು ಮುರಿದರೆ ಸೊನೆ ಸೋರಿ ಪರಿಮಳವೂ ಹೋಗುತ್ತದೆ, ಮಿಡಿಯೂ ಬೇಗ ಮೆತ್ತಗಾಗುತ್ತದೆ. ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಆರಿಸಿ ತೆಗೆದು ಅಪ್ಪೆಹುಳಿಗೆ ಬಳಸಿಬಿಡಿ. ತೊಳೆದು, ಬಟ್ಟೆಯ ಮೇಲೆ ನೀರಿನ ಪಸೆ ಆರುವವರೆಗೆ ಹರಡಿ, ಭರಣಿಯಲ್ಲಿ ಪದರ ಪದರವಾಗಿ ಉಪ್ಪಿನೊಂದಿಗೆ ತುಂಬಿ. ದಿನಕ್ಕೊಮ್ಮೆ ಅಲುಗಿಸಿ. 15ರಿಂದ 20 ದಿನಕ್ಕೆ ಮಿಡಿ ಚಿರುಟಿ ತನ್ನದೇ ಉಪ್ಪುನೀರಿನಲ್ಲಿ ಮುಳುಗುತ್ತದೆ. ಮೇಲೆ ತೇಲುವ ಮಿಡಿಗೆ ಬಿಳಿ ಪೊರೆ ಕಟ್ಟುತ್ತದೆ, ಆದ್ದರಿಂದ ಒಂದು ಪಿಂಗಾಣಿ ತಟ್ಟೆಯ ಭಾರ ಇಡಿ. ಆಮೇಲೆ ಆ ನೀರನ್ನೇ ಕುದಿಸಿ ಆರಿಸಿ ಸಾಸಿವೆ, ಮೆಣಸು ಅರೆದು ಸೇರಿಸಿದರೆ ಸರಿಯಾಗಿ ಕೂತ ಮಿಡಿ ಎರಡು ಮೂರು ವರ್ಷ ನಿಲ್ಲುತ್ತದೆ.

ಉಪ್ಪಾಗೆಯ ಕಥೆ ಇನ್ನೂ ಕಷ್ಟದ್ದು. 1990ರ ದಶಕದಲ್ಲಿ ತೂಕ ಇಳಿಸುವ ಔಷಧಕ್ಕೆ ಹೊರದೇಶದ ಬೇಡಿಕೆ ಬಂದು, ಕಾಯಿ ಹಣ್ಣಾಗುವ ಮೊದಲೇ ಕೀಳುವ ಪೈಪೋಟಿ ಶುರುವಾಯಿತು. ಬಲಿಯದ ಕಾಯಿಯ ಬೀಜ ಮೊಳೆಯುವುದಿಲ್ಲ, ಆ ಹಣ್ಣನ್ನು ತಿನ್ನುವ ಸಿಂಗಳೀಕಗಳಿಗೆ ಮರದಲ್ಲಿ ಏನೂ ಉಳಿಯುವುದಿಲ್ಲ. ಮಳೆಗಾಲದ ಫಸಲಾದ್ದರಿಂದ ಒಣಗಿಸಲು ರಾಶಿ ರಾಶಿ ಸೌದೆಯೂ ಬೇಕು. ಹಣ್ಣಾಗಿ ಬಿದ್ದದ್ದನ್ನು ಹೆಕ್ಕಿ ಸಿಪ್ಪೆ ಒಣಗಿಸಿದ್ದು, ಅಥವಾ ಹಣ್ಣಿನ ರಸ ಇಳಿಸಿ ಕುದಿಸುವ ಕೊಡಗಿನ ಕಾಚಂಪುಳಿ ಎಷ್ಟೋ ಮೇಲು. ದಿನದ ಹುಳಿಗೆ ತೋಟದ ಮುರುಗಲು, ಅಂದರೆ ಕೋಕಂ, ಬಳಸಿ, ನಾಲ್ಕು ಜನರ ಮೀನುಸಾರಿಗೆ ಆರರಿಂದ ಎಂಟು ಒಣಸಿಪ್ಪೆ ಸಾಕು. ಮುರುಗಲನ್ನು ಕೆಂಪು ಹಣ್ಣಾದ ಮೇಲೆಯೇ ಕೀಳುವುದರಿಂದ ಬೀಜ ಬಲಿತಿರುತ್ತದೆ. ಪಲಾವಿನ ಡಬ್ಬದಲ್ಲಿ ರಾಮಪತ್ರೆ ಇದ್ದರೆ ಅದು ಮುಗಿದ ಮೇಲೆ ಮತ್ತೆ ತರಬೇಡಿ. ಜೌಗುಕಾಡಿನ ಆ ಮರದ ಬೀಜ ಹರಡುವುದು ಮಂಗಟ್ಟೆ ಹಕ್ಕಿ. ಪತ್ರೆಗಾಗಿ ಕಾಯಿ ಒಡೆಯುವ ಮುನ್ನವೇ ಕಿತ್ತರೆ ಹಕ್ಕಿಗೂ ಇಲ್ಲ, ಕಾಡಿಗೂ ಇಲ್ಲ. ಕಳಲೆಯನ್ನು ಮನೆಯ ಬೇಲಿಯ ಬಿದಿರಿನಿಂದ ಮಾತ್ರ ತೆಗೆಸಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಬೇಯಿಸಿ ಆ ನೀರನ್ನೂ ಚೆಲ್ಲಿ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿದೆ.

ಮೀನಿಗೆ ಬರೋಣ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ಒಣಮೀನು, ಕೆರೆಯಲ್ಲಿ ಸಾಕಿದ ಕಾಟ್ಲಾ, ರೋಹು, ನಾಡದೋಣಿಯವರ ಮೀನು ತಿನ್ನಿ. ಒಣಮೀನನ್ನು ಇಪ್ಪತ್ತು ನಿಮಿಷ ನೀರಲ್ಲಿಟ್ಟು ಉಪ್ಪಿಳಿಸಿ, ಸಾರಿಗೆ ಉಪ್ಪನ್ನು ಕೊನೆಗೆ ರುಚಿ ನೋಡಿ ಹಾಕಿ. ಉಳಿದ ಹತ್ತು ತಿಂಗಳು ಅಳತೆಯೇ ಮುಖ್ಯ. ಕೇರಳದ ಕಾನೂನಿನಲ್ಲಿ ಬಂಗಡೆಗೆ 14 ಸೆಂ.ಮೀ., ತಾರ್ಲೆಗೆ, ಅಂದರೆ ಮಂಗಳೂರಿನವರ ಬೂತಾಯಿಗೆ, 10 ಸೆಂ.ಮೀ. ಕನಿಷ್ಠ. ಬಂಗಡೆಗೆ ನೀವು ಇನ್ನೂ ಸ್ವಲ್ಪ ಬಿಗಿಯಾಗಿರಿ. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಸುಮಾರು 17ರಿಂದ 18 ಸೆಂ.ಮೀ. ಆಗುತ್ತದೆ. ಅದಕ್ಕಿಂತ ಗಿಡ್ಡ ಬಂಗಡೆ ಬಹುಪಾಲು ಇನ್ನೂ ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ. ಅಗ್ಗಕ್ಕೆ ರಾಶಿ ಹಾಕಿದ ಮರಿಮೀನು ಕೊಳ್ಳಬೇಡಿ. ಏಡಿಯನ್ನು ಮಗುಚಿ ನೋಡಿ, ಹೊಟ್ಟೆಯ ಮುಚ್ಚಳದ ಕೆಳಗೆ ಕಿತ್ತಳೆ ಅಥವಾ ಕಂದು ಬಣ್ಣದ ಮೊಟ್ಟೆಯ ಗೊಂಚಲಿದ್ದರೆ ಬಿಡಿ. ತಾಟೆ, ತೊರಕೆ, ಅಂದರೆ ಶಾರ್ಕ್ ಮತ್ತು ರೇ ಜಾತಿಯವು, ತಡವಾಗಿ ಬಲಿತು ಕೆಲವೇ ಮರಿ ಹಾಕುವ ಮೀನುಗಳು. ಅವು ಬೇಡವೇ ಬೇಡ. ತಾರ್ಲೆ, ಬಂಗಡೆ ಬೇಗ ಬೆಳೆದು ಸಾವಿರಗಟ್ಟಲೆ ಮೊಟ್ಟೆಯಿಡುತ್ತವೆ. ಅಂಜಲ್ ಮೀನಿನ ಬದಲು ಇವನ್ನು ವಾಡಿಕೆ ಮಾಡಿಕೊಂಡರೆ ಸಮುದ್ರಕ್ಕೂ ಹಗುರ, ನಿಮ್ಮ ಕೈಚೀಲಕ್ಕೂ ಹಗುರ. ಮಲೆನಾಡಿನ ನೆಂಟರು ಮೊದಲ ಮಳೆಯ ಹತ್ತುಮೀನು ಕಳಿಸಿದರೆ ಪ್ರೀತಿಯಿಂದಲೇ ಬೇಡ ಎನ್ನಿ. ಅವು ಮೊಟ್ಟೆಯಿಡಲು ಹಳ್ಳ ಏರುತ್ತಿರುವ ಬಸಿರಿ ಮೀನುಗಳು, ಒಂದು ರಾತ್ರಿಯ ಬೇಟೆಯಲ್ಲಿ ಇಡೀ ಹಳ್ಳದ ವರ್ಷದ ಸಂತಾನ ಹೋಗುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ದಲ್ಲೇ ದೇಶದಲ್ಲಿ ನಿಷೇಧವಾಗಿದೆ. ಆದರೂ ಮಾರುವವರಿದ್ದಾರೆ. ಅದು ಕೆರೆಗೆ ತಪ್ಪಿಸಿಕೊಂಡರೆ ನಾಡಮೀನನ್ನೆಲ್ಲ ನುಂಗುತ್ತದೆ.

ಎಣ್ಣೆಯ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದ ಮಳೆಕಾಡು ನುಂಗಿದ್ದು ನಿಜ. ಆದರೆ ಎಕರೆಗೆ ಅದು ಕೊಡುವ ಎಣ್ಣೆ ಕಡಲೆಕಾಯಿಗಿಂತ ಹಲವು ಪಟ್ಟು. ಅಷ್ಟೇ ಎಣ್ಣೆಯನ್ನು ಬೇರೆ ಬೆಳೆಯಿಂದ ಪಡೆಯಲು ಹೆಚ್ಚು ನೆಲ ಬೇಕು. ಹಾಗಾಗಿ ಮೊದಲ ಕೆಲಸ ಎಣ್ಣೆ ಬದಲಿಸುವುದಲ್ಲ, ಕರಿಯುವುದನ್ನು ತಗ್ಗಿಸಿ 4 ಲೀಟರನ್ನು 3ಕ್ಕೆ ಇಳಿಸುವುದು. ಎರಡನೆಯದು, ಬಿಸ್ಕತ್ತು, ಚಿಪ್ಸ್, ನೂಡಲ್ಸ್ ಪೊಟ್ಟಣದ ಹಿಂದೆ ಪಾಮೋಲಿನ್, ಪಾಮ್ ಆಯಿಲ್ ಎಂದು ಬರೆದಿರುವುದನ್ನು ಓದುವುದು. ನಿಮ್ಮ ಮನೆಗೆ ತಾಳೆ ಎಣ್ಣೆ ಬರುವುದು ಡಬ್ಬಿಯಲ್ಲಲ್ಲ, ಆ ಪೊಟ್ಟಣಗಳಲ್ಲಿ. ಉಳಿದ 3 ಲೀಟರಿನಲ್ಲಿ ಒಂದನ್ನು ಗಾಣದ ಕಡಲೆಕಾಯಿ ಅಥವಾ ಕುಸುಬೆ ಎಣ್ಣೆ ಮಾಡಿಕೊಳ್ಳಿ. ಒಗ್ಗರಣೆ, ಪಲ್ಯಕ್ಕೆ ಅದು ಸರಿ, ಮತ್ತೆ ಮತ್ತೆ ಕಾಯಿಸಿ ಕರಿಯಲು ಅಲ್ಲ.

ಕಾಫಿ ಕುಡಿಯುವವರಾದರೆ ಪುಡಿ ಕೊಡುವವರನ್ನು ತೋಟದ ನೆರಳು ಯಾವುದೆಂದು ಕೇಳಿ. ಅತ್ತಿ, ಹಲಸು, ನಂದಿ, ಹೊನ್ನೆ ಮರಗಳ ಕೆಳಗೆ ಬೆಳೆದ ಕೊಡಗು, ಚಿಕ್ಕಮಗಳೂರಿನ ಕಾಫಿ ಬೇರೆ, ಬರೀ ಸಿಲ್ವರ್ ಓಕ್ ನೆರಳಿನದು ಬೇರೆ. ಹಕ್ಕಿಗೆ ಹಣ್ಣು ಸಿಗುವುದು ಮೊದಲಿನದರಲ್ಲಿ.

ಖರ್ಚಿನ ಲೆಕ್ಕ ನೋಡೋಣ. ದೇಸಿ ಅಕ್ಕಿಗೆ ಕೆ.ಜಿ.ಗೆ 40 ರೂಪಾಯಿ ಹೆಚ್ಚೆಂದು ಹಿಡಿದರೂ 5 ಕೆ.ಜಿ.ಗೆ 200. ಎರಡು ಕೆ.ಜಿ. ಅಕ್ಕಿಯ ಬದಲು ಕೊರಲೆ, ನವಣೆ ತಂದರೆ ಅಲ್ಲಿ ಇನ್ನೊಂದು 150ರಿಂದ 200. ಗಾಣದ ಎಣ್ಣೆಯ ಹೆಚ್ಚುವರಿ ಬೆಲೆ ಕರಿಯುವುದು ತಗ್ಗಿಸಿದ ಒಂದು ಲೀಟರಿನಲ್ಲಿ ಬಹುಪಾಲು ಸರಿದೂಗುತ್ತದೆ. ತೊಗರಿಯ ಜಾಗಕ್ಕೆ ಹುರಳಿ ಬಂದರೆ, ಅಂಜಲ್ ಜಾಗಕ್ಕೆ ಬಂಗಡೆ ಬಂದರೆ ಹಣ ಉಳಿಯುತ್ತದೆ. ಸಾವಿರದೊಳಗೆ ಮುಗಿಯುತ್ತದೆ. ಯಾವುದೋ ತಿಂಗಳು ಕೈ ಬಿಗಿಯಾದರೆ ಗಾಣದ ಎಣ್ಣೆಯನ್ನು ಬಿಡಿ, ಅಕ್ಕಿಯನ್ನು ಬಿಡಬೇಡಿ. ಕಡಲೆಕಾಯಿ ಕೊಳ್ಳುವವರು ಬೇಕಾದಷ್ಟಿದ್ದಾರೆ, ರಾಜಮುಡಿ ಬೆಳೆಯುವವರಿಗೆ ನಿಮ್ಮಂಥ ಕೆಲವೇ ಮನೆಗಳು.

ಬಿಡಿ ಪೊಟ್ಟಣ ತರಿಸುವ ಬದಲು ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಬ್ಬ ರೈತರ ಜೊತೆ ಮಾತಾಡಿಕೊಳ್ಳಿ. ಬತ್ತವನ್ನು ಅವರಲ್ಲೇ ಇಡಲಿ, ಎರಡು ತಿಂಗಳಿಗೊಮ್ಮೆ ಬೇಕಾದಷ್ಟೇ ಮಿಲ್ ಮಾಡಿಸಿ ಕಳಿಸಲಿ. ಕಮಟೂ ಬರುವುದಿಲ್ಲ, ಹುಳವೂ ಆಗುವುದಿಲ್ಲ, ಸಾಗಾಟದ ಖರ್ಚೂ ಹಂಚಿಹೋಗುತ್ತದೆ. ಈ ಮಾತನ್ನು ಕೊಯ್ಲಾದ ಮೇಲೆ ಆಡಿದರೆ ತಡವಾಯಿತು. ಮುಂಗಾರಿನ ಒಟ್ಟಲು, ಅಂದರೆ ಸಸಿಮಡಿ, ಹಾಕುವ ಮುಂಚೆ, ಮೇ ತಿಂಗಳಲ್ಲೇ ಫೋನ್ ಮಾಡಿ, ವರ್ಷಕ್ಕೆ ಇಷ್ಟು ಕೆ.ಜಿ. ನಮಗೆ ಬೇಕು ಎಂದು ಹೇಳಿ, ಸಾಧ್ಯವಾದರೆ ಸ್ವಲ್ಪ ಮುಂಗಡ ಕೊಡಿ.